ಅಪ್ಪನ ಮೆಟ್ಟಿಲು ಲೆಕ್ಕ: ಬ್ಲಾಂಕೆನೇಜೆಯಲ್ಲಿ ನಾಲ್ಕು ದಿನ

ಗುರುವಾರ

ಅಪ್ಪನಿಗೆ ಮಂಡಿ ನೋವು ಅಂತ ಗೊತ್ತಿದ್ದೂ ಮೆಟ್ಟಿಲುಗಳ ಊರಿನಲ್ಲೇ ರೂಮು ಹಿಡಿದವಳು ನಾನು. ಬುಕ್ ಮಾಡುವಾಗ ಕಿಟಕಿಯಿಂದ ಕಾಣುವ ನದಿಯ ಫೋಟೋ ಮಾತ್ರ ನೋಡಿದ್ದೆ. ಬಾಗಿಲಿಗೆ ಹೋಗುವ ದಾರಿಯ ಫೋಟೋ ಯಾರೂ ಹಾಕಿರಲಿಲ್ಲ.

ಜರ್ಮನಿಯ ಹ್ಯಾಂಬರ್ಗ್ ನಗರದ ಪಶ್ಚಿಮದ ತುದಿಯಲ್ಲಿ, ಎಲ್ಬೆ ನದಿಯ ಬಲದಂಡೆಯ ಗುಡ್ಡದ ಮೇಲಿದೆ ಬ್ಲಾಂಕೆನೇಜೆ. ಹ್ಯಾಂಬರ್ಗ್‌ನವರನ್ನು ದುಡ್ಡಿರುವವರು ಎಲ್ಲಿರುತ್ತಾರೆ ಅಂತ ಕೇಳಿದರೆ ಮೊದಲು ಬಾಯಿಗೆ ಬರುವ ಹೆಸರುಗಳಲ್ಲಿ ಇದೂ ಒಂದು. ನಾನು ಈ ನಗರದಲ್ಲಿ ಕೆಲಸಕ್ಕೆ ಸೇರಿ ಆರು ವರ್ಷವಾಯಿತು. ಭಾನುವಾರ ಸುಮ್ನೆ ನದಿ ನೋಡಿಕೊಂಡು ಬರೋಕೆ ಅಂತ ಎಷ್ಟೋ ಸಲ ಇಲ್ಲಿಗೆ ಬಂದಿದ್ದೇನೆ. ಉಳಿದುಕೊಂಡಿದ್ದು ಇದೇ ಮೊದಲು. ಅಪ್ಪ ಬೇಸಿಗೆಗೆ ಮುಂಚೆ ಎರಡು ತಿಂಗಳು ಇರೋಕೆ ಬಂದಿದ್ದರು, ಈಸ್ಟರ್ ರಜೆಯೂ ಸಿಕ್ಕಿತು.

ಹ್ಯಾಂಬರ್ಗ್‌ನದ್ದೇ ಭಾಗವಾದ ಆಲ್ಟೋನಾದಿಂದ ಲೋಕಲ್ ರೈಲಿನಲ್ಲಿ ಬಂದೆವು. ಈ ರೈಲುದಾರಿ ಶುರುವಾಗಿದ್ದು 1867ರಲ್ಲಿ. ಅಲ್ಲಿಯವರೆಗೆ ನಗರದವರಿಗೆ ಇದು ಕುದುರೆಗಾಡಿಯಲ್ಲೋ ದೋಣಿಯಲ್ಲೋ ಬಂದು ತಲುಪುವ ದೂರದ ಊರು. ಸ್ಟೇಷನ್ ಗುಡ್ಡದ ಮೇಲಿದೆ. ಸುತ್ತ ಬ್ಯಾಂಕು, ಬೇಕರಿ, ಔಷಧಿ ಅಂಗಡಿ, ದುಬಾರಿ ಬಟ್ಟೆ ಅಂಗಡಿ. ‘ಇದೇನಾ ಶ್ರೀಮಂತರ ಊರು? ಎಲ್ಲಾ ಕಡೆ ಇರೋ ಹಾಗೇ ಇದೆಯಲ್ಲ’ ಅಂದರು ಅಪ್ಪ.

‘ಸ್ವಲ್ಪ ತಾಳು’ ಅಂದೆ.

ಐದು ನಿಮಿಷ ನಡೆದ ಮೇಲೆ ರಸ್ತೆ ಮುಗಿಯಿತು. ಅಲ್ಲಿಂದ ಮುಂದೆ ಮೆಟ್ಟಿಲು. ಎರಡು ಮನೆಗಳ ಗೋಡೆ ನಡುವೆ, ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದ ಸಂದಿಯಲ್ಲಿ, ಕೆಳಕ್ಕೆ ಇಳಿಯುತ್ತಾ ಹೋಗುವ ಮೆಟ್ಟಿಲು. ಬಲಕ್ಕೆ ತಿರುಗಿದರೆ ಇನ್ನೊಂದು ಸಾಲು, ಎಡಕ್ಕೆ ಮತ್ತೊಂದು. ಇಲ್ಲಿಯವರು ಈ ಭಾಗಕ್ಕೆ ಟ್ರೆಪ್ಪನ್‌ಫಿಯರ್ಟಲ್ ಅನ್ನುತ್ತಾರೆ, ಮೆಟ್ಟಿಲುಗಳ ಕೇರಿ ಅಂತ ಅರ್ಥ. ಎಲ್ಲ ಸೇರಿ ಸುಮಾರು 5000 ಮೆಟ್ಟಿಲು ಇವೆ ಅಂತ ಹೇಳಿದ್ದೇ ತಪ್ಪಾಯಿತು.

‘ಸುಮಾರು ಅಂದ್ರೆ?’

ಅಪ್ಪ ಮೂವತ್ತನಾಲ್ಕು ವರ್ಷ ನೀರು ಸರಬರಾಜು ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಸುಮಾರು ಅನ್ನುವ ಮಾತು ಅವರಿಗೆ ಆಗದು. ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ‘ಗುರುವಾರ’ ಅಂತ ಬರೆದರು. ಸೂಟ್‌ಕೇಸು ನನ್ನ ತಲೆಗೆ ಬಂತು. ಅವರು ಒಂದು, ಎರಡು, ಮೂರು ಅಂತ ಇಳಿಯತೊಡಗಿದರು. ಬಾಗಿಲು ಸಿಕ್ಕಾಗ 143. ಮನೆಯ ಯಜಮಾನಿ ಹೊರಗೆ ಬಂದು, ನನ್ನ ಕೈಲಿದ್ದ ಸೂಟ್‌ಕೇಸು ನೋಡಿ, ಮೊದಲು ಹೇಳಿದ್ದೇ ‘ಇಷ್ಟು ದೊಡ್ಡದು ತರಬಾರದಿತ್ತು’ ಅಂತ. ಆಕೆಗೆ ಎಪ್ಪತ್ತು ದಾಟಿರಬೇಕು. ತರಕಾರಿ, ಹಾಲು, ಸೋಪು, ಎಲ್ಲವನ್ನೂ ಬೆನ್ನಿನ ಚೀಲದಲ್ಲಿ ಹೊತ್ತು ತರುತ್ತಾಳಂತೆ. ಈ ಕೇರಿಯ ಬಹಳ ಮನೆಗಳ ಬಾಗಿಲವರೆಗೆ ಕಾರು ಬರುವುದಿಲ್ಲ. ಕೋಟಿಗಟ್ಟಲೆ ಬೆಲೆಬಾಳುವ ಮನೆ, ಆದರೆ ವಾಷಿಂಗ್ ಮೆಷಿನ್ ಕೆಟ್ಟರೆ ಹೊರಬೇಕು. ‘ಕೊಂಡುಕೊಂಡವನಿಗೆ ಬೆನ್ನು ಗಟ್ಟಿ ಇರಬೇಕು, ಬರೀ ಬ್ಯಾಂಕಲ್ಲಿ ಇದ್ರೆ ಸಾಲದು’ ಅಂತ ಅಪ್ಪನಿಗೆ ಖುಷಿಯೋ ಖುಷಿ.

ರೂಮಿನ ಕಿಟಕಿ ಮಾತ್ರ ಫೋಟೋದಲ್ಲಿ ಇದ್ದ ಹಾಗೇ ಇತ್ತು. ಕೆಳಗೆ ಹೆಂಚಿನ ಮಾಡುಗಳು, ನಡುವೆ ಎರಡು ಮೂರು ಹುಲ್ಲು ಹೊದೆಸಿದ ಮಾಡು, ಆಮೇಲೆ ನದಿ. ನದಿ ಅನ್ನುವುದಕ್ಕೆ ಸ್ವಲ್ಪ ಹಿಂಜರಿಕೆಯಾಗುತ್ತೆ. ಸಮುದ್ರ ಇಲ್ಲಿಂದ ಸುಮಾರು 100 ಕಿಲೋಮೀಟರ್ ದೂರ, ಆದರೂ ಅದರ ಉಬ್ಬರ ಇಳಿತ ಇಲ್ಲಿಯವರೆಗೆ ಬರುತ್ತೆ. ದಿನಕ್ಕೆ ಎರಡು ಸಲ ನೀರು ಮೂರೂವರೆ ಮೀಟರ್‌ಗಿಂತ ಜಾಸ್ತಿ ಏರಿ ಇಳಿಯುತ್ತೆ. ನಾವು ಚಹಾ ಕುಡಿಯುವಾಗ ಒಂದು ಕಂಟೇನರ್ ಹಡಗು ಬಂತು. ಉದ್ದ 400 ಮೀಟರ್ ಇರುವ ಜಾತಿಯದು. ಎಷ್ಟು ಹೊತ್ತಾದರೂ ಕಿಟಕಿಯಿಂದ ಮುಗಿಯಲಿಲ್ಲ. ಒಂದು ಬೀದಿಯೇ ಎದ್ದು ಹೊರಟ ಹಾಗೆ. ಹಡಗು ಹಾದುಹೋದ ಎಷ್ಟೋ ಹೊತ್ತಿಗೆ ಕೆಳಗಿನ ಮರಳಿಗೆ ಅಲೆ ಬಂದು ಬಡಿಯಿತು.

ಊರಿನ ಹೆಸರಿನ ಕತೆ ಯಜಮಾನಿಯೇ ಹೇಳಿದ್ದು. ಇಲ್ಲಿನ ಹಳೆಯ ಆಡುಮಾತಿನಲ್ಲಿ ‘ಬ್ಲಾಂಕ’ ಅಂದರೆ ಹೊಳೆಯುವ, ಬೆಳ್ಳಗಿನ. ‘ನೇಜೆ’ ಅಂದರೆ ಮೂಗು. ನದಿಗೆ ಚಾಚಿಕೊಂಡಿದ್ದ ಬಿಳಿ ಮರಳಿನ ಮೂಗು. ಅಲ್ಲಿಂದ ಆಚೆ ದಡಕ್ಕೆ ದೋಣಿ ಹೋಗುತ್ತಿತ್ತು. ಊರಿನ ಹೆಸರು ದಾಖಲೆಯಲ್ಲಿ ಮೊದಲು ಕಾಣುವುದೇ 1301ರಲ್ಲಿ. ದೋಣಿಯವರು, ಮೀನುಗಾರರು, ಆಮೇಲೆ ಹಡಗುಗಳಿಗೆ ನದಿಯಲ್ಲಿ ದಾರಿ ತೋರಿಸುವ ಪೈಲಟ್‌ಗಳು. ಆಕೆಯ ಅಜ್ಜನೂ ಪೈಲಟ್ ಆಗಿದ್ದನಂತೆ.

‘ಹಾಗಾದ್ರೆ ಮೊದಲು ಬಡವರ ಊರು’ ಅಂದರು ಅಪ್ಪ. ನಾನು ತರ್ಜುಮೆ ಮಾಡಿದೆ. ಆಕೆ ನಕ್ಕಳು. ‘ಬಡವರದ್ದೇ. ಕೆಳಗೆ ಬಡವರು, ಮೇಲೆ ಶ್ರೀಮಂತರು. ನಾಳೆ ಮೇಲೆ ಹೋಗಿ ನೋಡಿ.’

ಶುಕ್ರವಾರ

ಬೆಳಿಗ್ಗೆ ಕಾಫಿಗೆ ಹಾಲಿಲ್ಲ. ಗುಡ್ ಫ್ರೈಡೇ ಅನ್ನುವುದನ್ನು ಆರು ವರ್ಷ ಇಲ್ಲಿದ್ದವಳು ಮರೆತಿದ್ದೆ. ಜರ್ಮನಿಯಲ್ಲಿ ಇವತ್ತು ಅಂಗಡಿಗಳೆಲ್ಲ ಬಂದ್. 143 ಮೆಟ್ಟಿಲು ಹತ್ತಿ, ಮುಚ್ಚಿದ ಬಾಗಿಲು ನೋಡಿ, ಮತ್ತೆ 143 ಇಳಿದು ಬಂದೆ. ಅಪ್ಪ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಕಷ್ಟ. ಕೊನೆಗೆ ಯಜಮಾನಿಯ ಬಾಗಿಲು ತಟ್ಟಿದೆ. ಅರ್ಧ ಲೀಟರ್ ಹಾಲಿನ ಜೊತೆ ಆರು ಮೊಟ್ಟೆಯೂ ಸಿಕ್ಕವು.

ಕೇರಿಯೊಳಗೆ ಒಂದು ಹಳೆಯ ಮನೆ ಇದೆ, ಎಲ್ಬ್‌ಟೆರಾಸ್ಸೆ ಅನ್ನುವ ದಾರಿಯಲ್ಲಿ. ಹುಲ್ಲಿನ ಮಾಡು, ತಗ್ಗು ಬಾಗಿಲು. ಮೀನುಗಾರರ ಕಾಲದ್ದು. ಆಗಿನ ಮನೆಗಳಲ್ಲಿ ಒಂದೇ ಮಾಡಿನ ಕೆಳಗೆ ಎರಡು ಸಂಸಾರ ಇದ್ದರೆ ಅದಕ್ಕೆ ‘ಟ್ವೇಹೂಸ್’, ಅಂದರೆ ಎರಡು ಮನೆ. ಮೂರು ಸಂಸಾರ ಇದ್ದರೆ ‘ಡ್ರೇಹೂಸ್’. ನಮ್ಮ ವಠಾರದ ಹಾಗೇ ಅಲ್ವಾ ಅಂದೆ. ‘ವಠಾರಕ್ಕೆ ಈ ರೇಟು ಯಾರು ಕೊಡ್ತಾರೆ’ ಅಂದರು ಅಪ್ಪ. ಗಂಡಸರು ವರ್ಷದ ಬಹುಪಾಲು ನೀರಿನ ಮೇಲೆ. ಎಲ್ಬೆ ನದಿಯ ದೊಡ್ಡ ಮೀನುಗಾರಿಕೆ ದೋಣಿಪಡೆಗಳಲ್ಲಿ ಬ್ಲಾಂಕೆನೇಜೆಯದೂ ಒಂದಾಗಿತ್ತು. ಮೀನು ಲಾಭ ಕೊಡದಾದಾಗ ಸರಕು ಸಾಗಿಸುವ ಹಡಗುಗಳಿಗೆ ಹೊರಳಿದರು, ದೂರದ ಬಂದರುಗಳಿಂದ ಹಣ್ಣು ತಂದರು. ಹಬೆ ಹಡಗುಗಳು ಬಂದ ಮೇಲೆ ಅದೂ ಮುಗಿಯಿತು. ಹಾಯಿ ನಂಬಿದವರ ಮನೆಗಳು ಒಂದೊಂದಾಗಿ ಕೈ ಬದಲಾಯಿಸಿದವು. ಅಷ್ಟು ಹೊತ್ತಿಗೆ ರೈಲೂ ಬಂದಿತ್ತು.

ಅಪ್ಪ ಲೆಕ್ಕ ಹಾಕುತ್ತಾ ಇಳಿದರು, ನಾನು ಹಿಂದೆ. ಕೆಳಗೆ ನದಿ ದಂಡೆಯ ರಸ್ತೆಯಲ್ಲಿ ಬಸ್ ಸಿಕ್ಕಿತು. ಈ ಬಸ್ಸಿಗೆ ಜನ ಇಟ್ಟ ಹೆಸರು ‘ಬೆರ್ಗ್‌ಸೀಗೆ’, ಗುಡ್ಡದ ಮೇಕೆ. ಸಣ್ಣ ಬಸ್, ಇನ್ನೂ ಸಣ್ಣ ರಸ್ತೆ. ಎದುರಿಗೆ ಒಂದು ಕಾರು ಬಂತು. ಇಬ್ಬರೂ ನಿಂತರು. ಕಾರಿನವನು ಹಿಂದೆ ಹಿಂದೆ ಹೋಗಿ ಒಂದು ಗೇಟಿನೊಳಗೆ ನುಗ್ಗಿಸಿದ. ಡ್ರೈವರ್ ಕೈ ಎತ್ತಿದ, ಅವನೂ ಕೈ ಎತ್ತಿದ. ನಿತ್ಯದ ಪೂಜೆ ಇದ್ದ ಹಾಗಿತ್ತು.

ಸ್ಯೂಲ್‌ಬೆರ್ಗ್ ಅನ್ನುವ ಗುಡ್ಡ 75 ಮೀಟರ್ ಎತ್ತರ. ಕೇಳಿದರೆ ನಗು ಬರಬಹುದು, ಆದರೆ ಸುತ್ತ ಎಲ್ಲ ತಟ್ಟೆಯಂತೆ ಸಮನಾದ ನಾಡಿನಲ್ಲಿ 75 ಮೀಟರ್ ಅಂದರೆ ದೊಡ್ಡ ಮಾತು. ಇಲ್ಲಿ ನಿಂತವನಿಗೆ ನದಿಯಲ್ಲಿ ಬರುವ ಹೋಗುವ ಹಡಗೆಲ್ಲ ಕಾಣುತ್ತೆ. ಹೀಗೆ ಕಾಣುವ ಜಾಗವನ್ನು ಯಾರಾದರೂ ಬಿಡುತ್ತಾರಾ? 1060ರ ಸುಮಾರಿಗೆ ಬ್ರೇಮನ್‌ನ ಆರ್ಚ್‌ಬಿಷಪ್ ಅಡಾಲ್ಬರ್ಟ್ ಇಲ್ಲಿ ಕೋಟೆ ಕಟ್ಟಿಸಿದ. ಕೆಲವೇ ವರ್ಷದಲ್ಲಿ ಅದು ಹಾಳಾಯಿತು. ಇನ್ನೂರು ವರ್ಷ ಬಿಟ್ಟು ಹೋಲ್‌ಸ್ಟೈನ್‌ನ ದೊರೆಗಳು ಮತ್ತೆ ಕಟ್ಟಿದರು. ಅದೂ ಬಹಳ ದಿನ ಬಾಳಲಿಲ್ಲ. 19ನೇ ಶತಮಾನದಲ್ಲಿ ಬಂದ ಹೋಟೆಲು ಮಾತ್ರ ಎರಡು ಕೋಟೆಗಿಂತ ಹೆಚ್ಚು ಕಾಲ ನಿಂತಿತು.

ಅಲ್ಲಿಂದ ಪೂರ್ವಕ್ಕೆ ನಡೆದರೆ ಒಂದರ ಹಿಂದೆ ಒಂದು ತೋಟ. ಇವತ್ತು ಎಲ್ಲರಿಗೂ ತೆರೆದ ಪಾರ್ಕುಗಳು. ಒಂದು ಕಾಲದಲ್ಲಿ ಒಬ್ಬೊಬ್ಬ ವ್ಯಾಪಾರಿಯ ಹಿತ್ತಲು. ಬೌರ್ಸ್ ಪಾರ್ಕ್ ಮಾಡಿಸಿದವನು ಆಲ್ಟೋನಾದ ಸಾಹುಕಾರ ಗೇಯೋರ್ಗ್ ಫ್ರೀಡ್ರಿಶ್ ಬೌರ್. ಫ್ರಾನ್ಸಿನ ಜೋಸೆಫ್ ರಾಮೇ ಎಂಬ ತೋಟಗಾರನನ್ನು ಕರೆಸಿ, 1802ರಿಂದ ಮೂವತ್ತು ವರ್ಷ ಗುಡ್ಡವನ್ನು ತಿದ್ದಿ ತೀಡಿದ. ಅದರಲ್ಲಿ ಒಂದು ದಿಬ್ಬಕ್ಕೆ ಫಿರಂಗಿ ದಿಬ್ಬ ಅಂತಲೇ ಹೆಸರು. ಹಡಗು ಬಂದಾಗ ಅಲ್ಲಿಂದ ಗುಂಡು ಹಾರಿಸಿ ಸ್ವಾಗತ ಮಾಡುತ್ತಿದ್ದರಂತೆ.

ಅಪ್ಪ ಅಲ್ಲಿ ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಂಡರು. ‘ಇವ್ನಿಗೆ ಹ್ಯಾಂಬರ್ಗ್ ಸರ್ಕಾರ ಏನೂ ಅನ್ಲಿಲ್ವಾ?’

ಇದು ಆಗ ಹ್ಯಾಂಬರ್ಗ್ ಅಲ್ಲವೇ ಅಲ್ಲ ಅಂತ ಹೇಳಬೇಕಾಯಿತು. 1640ರಿಂದ 1864ರವರೆಗೆ ಇಲ್ಲಿನ ದೊರೆ ಡೆನ್ಮಾರ್ಕಿನ ರಾಜ. ಪಕ್ಕದ ಆಲ್ಟೋನಾ ಅವನ ರಾಜ್ಯದಲ್ಲಿ ಕೋಪನ್‌ಹೇಗನ್ ಬಿಟ್ಟರೆ ಅತಿ ದೊಡ್ಡ ಪಟ್ಟಣ. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತಿತು, ಜರ್ಮನ್ ರಾಜ್ಯ ಪ್ರಶ್ಯಾ ಬಂತು. 1927ರಲ್ಲಿ ಬ್ಲಾಂಕೆನೇಜೆ ಆಲ್ಟೋನಾಕ್ಕೆ ಸೇರಿತು, ಹತ್ತು ವರ್ಷದ ಮೇಲೆ ಹೊಸ ಕಾನೂನಿನಿಂದ ಆಲ್ಟೋನಾ ಸಮೇತ ಹ್ಯಾಂಬರ್ಗ್‌ಗೆ ಹೋಯಿತು. ಅಂದರೆ ಹ್ಯಾಂಬರ್ಗ್‌ನ ಹೆಮ್ಮೆಯ ಬಡಾವಣೆ ಹ್ಯಾಂಬರ್ಗ್ ಆಗಿ ಇನ್ನೂ ನೂರು ವರ್ಷವಾಗಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಿರ್ಷ್‌ಪಾರ್ಕ್. ಹಿರ್ಷ್ ಅಂದರೆ ಜಿಂಕೆ. ಈಗಲೂ ಬೇಲಿಯೊಳಗೆ ಜಿಂಕೆಗಳಿವೆ. ನಾಲ್ಕು ಸಾಲಿನ ದೊಡ್ಡ ಲಿಂಡನ್ ಮರಗಳ ದಾರಿ ಇದೆ. ಎಲೆ ಇನ್ನೂ ಚಿಗುರುತ್ತಿತ್ತು. ದಾರಿಯಾಚೆ ಬಿಳಿ ಬಣ್ಣದ ತೋಟದ ಮನೆ. ಡೆನ್ಮಾರ್ಕ್‌ನ ವಾಸ್ತುಶಿಲ್ಪಿ ಕ್ರಿಸ್ತಿಯಾನ್ ಫ್ರೆಡೆರಿಕ್ ಹಾನ್ಸೆನ್ 1789ರಿಂದ 1792ರ ನಡುವೆ ಗೊಡೆಫ್ರಾಯ್ ಮನೆತನಕ್ಕೆ ಕಟ್ಟಿದ್ದು. ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದವರ ವಂಶ. ಇಲ್ಲಿ ವ್ಯಾಪಾರಕ್ಕಿಳಿದು ಬೆಳೆದರು.

‘ಏನು ವ್ಯಾಪಾರ?’

ಮನೆ ಕಟ್ಟಿಸಿದ ತಾತನ ಕಾಲದ್ದು ಬಿಡಿ. ಮೊಮ್ಮಗ ಯೋಹಾನ್ ಸೇಸರ್ ಗೊಡೆಫ್ರಾಯ್‌ನನ್ನು ಜನ ದಕ್ಷಿಣ ಸಮುದ್ರಗಳ ರಾಜ ಅನ್ನುತ್ತಿದ್ದರು. ಅವನ ಹಡಗುಗಳು ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳವರೆಗೆ ಹೋಗಿ ತರುತ್ತಿದ್ದದ್ದು ಮುಖ್ಯವಾಗಿ ಒಣಕೊಬ್ಬರಿ. ಯೂರೋಪಿನಲ್ಲಿ ಅದರಿಂದ ಎಣ್ಣೆ, ಎಣ್ಣೆಯಿಂದ ಸೋಪು.

ಅಪ್ಪ ನಿಂತುಬಿಟ್ಟರು. ‘ಕೊಬ್ಬರಿ?’

‘ಕೊಬ್ಬರಿ.’

‘ತಿಪಟೂರಿನ ಮಂಡಿಯಲ್ಲಿ ನಮ್ಮಪ್ಪ ಮೂಟೆ ಹಾಕಿಕೊಂಡು ರೇಟಿಗೆ ಕಾಯ್ತಿದ್ದ ಕೊಬ್ಬರಿ?’ ಮತ್ತೆ ಮನೆ ಕಡೆ ತಿರುಗಿ, ಕಂಬ ಕಿಟಕಿ ಎಲ್ಲ ನೋಡಿದರು. ‘ನಾವೇ ತಪ್ಪು ಜಾಗದಲ್ಲಿ ನಿಂತಿದ್ದು ನೋಡು. ಬೆಳೆಯೋ ಕಡೆ ನಿಂತ್ವಿ. ಸಾಗಿಸೋ ಕಡೆ ನಿಲ್ಲಬೇಕಿತ್ತು.’

ತೋಟಗಳಲ್ಲಿ ದುಡಿಯಲು ಬೇರೆ ಬೇರೆ ದ್ವೀಪಗಳಿಂದ ಜನರನ್ನು ಸಾಗಿಸಿದ್ದೂ ಇದೇ ಸಂಸ್ಥೆ. ಆ ಕತೆ ಈ ಬಿಳಿ ಮನೆಯ ಮುಂದೆ ನಿಂತರೆ ಕಾಣುವುದಿಲ್ಲ. ಅದೇ ವ್ಯಾಪಾರಿ ಹ್ಯಾಂಬರ್ಗ್‌ನಲ್ಲಿ ಒಂದು ಮ್ಯೂಸಿಯಂ ಕೂಡ ಮಾಡಿದ್ದ, ದ್ವೀಪಗಳಿಂದ ತಂದ ಪ್ರಾಣಿ, ಗಿಡ, ಜನರ ಸಾಮಾನು ಎಲ್ಲ ಅಲ್ಲಿ. 1879ರಲ್ಲಿ ಸಂಸ್ಥೆ ದಿವಾಳಿಯಾಯಿತು. ಸಂಜೆ ವಾಪಸಾಗುವಾಗ ಎಲ್ಬ್‌ಶೋಸೆ ರಸ್ತೆಯಲ್ಲಿ ಬಸ್ಸಿಗೆ ಕಾದೆವು. ಆಲ್ಟೋನಾದಿಂದ ಬ್ಲಾಂಕೆನೇಜೆಗೆ ಹತ್ತಿರಹತ್ತಿರ ಒಂಬತ್ತು ಕಿಲೋಮೀಟರ್, ನದಿ ಕಡೆಗೆಲ್ಲ ಇಂಥವೇ ಮನೆಗಳು. ಎತ್ತರದ ಬೇಲಿ, ಕ್ಯಾಮೆರಾ, ಒಳಗಡೆ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ನನಗೆ ಮೆಟ್ಟಿಲ ಕೇರಿಯೇ ವಾಸಿ ಅನ್ನಿಸಿತು. ಅಲ್ಲಿ ಪಕ್ಕದ ಮನೆಯವರ ಅಡುಗೆ ವಾಸನೆಯಾದರೂ ಬರುತ್ತೆ.

ಶನಿವಾರ

ಈ ದಿನದ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಅಪ್ಪ ಇವತ್ತು ಪ್ರವಾಸಿಯಾಗಿರಲಿಲ್ಲ, ಮತ್ತೆ ಇಂಜಿನಿಯರ್ ಆಗಿದ್ದರು.

ಬೆಳಿಗ್ಗೆ ನೀರು ಇಳಿಯುವ ಹೊತ್ತಿಗೆ ದಂಡೆಯಲ್ಲೇ ಪಶ್ಚಿಮಕ್ಕೆ, ಫಾಲ್ಕೆನ್‌ಸ್ಟೈನ್ ಕಡೆಗೆ ನಡೆದೆವು. ಅಲ್ಲಿ ಮರಳು ಅಗಲವಾಗಿದೆ, ಗುಡ್ಡ ಕಾಡಾಗುತ್ತೆ. ನೀರು ಪೂರ್ತಿ ಇಳಿದಾಗ ಎರಡು ಹಡಗಿನ ಅವಶೇಷ ಕಾಣುತ್ತೆ. ಒಂದು ‘ಪೋಲ್‌ಸ್ಟಿಯರ್ನನ್’ ಅನ್ನುವ ಫಿನ್ಲೆಂಡಿನ ಹಡಗು. ಮರದ ದಿಮ್ಮಿ ತುಂಬಿಕೊಂಡಿದ್ದಾಗ 1926ರಲ್ಲಿ ಬೆಂಕಿ ಬಿತ್ತು. ಉಳಿದ ದೇಹವನ್ನು ಎಳೆದು ತಂದು ಇಲ್ಲಿ ದಂಡೆಗೆ ಹಾಕಿದರು. ಇನ್ನೊಂದು ‘ಊವೆ’, 1975ರಲ್ಲಿ ಬೇರೆ ಹಡಗಿಗೆ ಡಿಕ್ಕಿಯಾಗಿ ಮುಳುಗಿದ್ದು. ತುಕ್ಕು ಹಿಡಿದ ಅದರ ಹಿಂಭಾಗದ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸಿಕೊಳ್ಳುತ್ತಿದ್ದವು. ಆಚೆ ದಡದಲ್ಲಿ ಏರ್‌ಬಸ್ ವಿಮಾನ ಕಾರ್ಖಾನೆ. ಅದನ್ನು ಹಿಗ್ಗಿಸಲು ಮ್ಯೂಲೆನ್‌ಬೆರ್ಗರ್ ಲೋಖ್ ಎಂಬ ಕೆಸರಿನ ಕೊಲ್ಲಿಯ ಒಂದು ಭಾಗವನ್ನು, ಸುಮಾರು 170 ಹೆಕ್ಟೇರ್, ಈ ಶತಮಾನದ ಶುರುವಿನಲ್ಲಿ ಮುಚ್ಚಿದರು. ಹಕ್ಕಿಗಳ ಜಾಗ ಅಂತ ಬಹಳ ಜಗಳವಾಗಿತ್ತು. ಈಗ ಬ್ಲಾಂಕೆನೇಜೆಯ ದುಬಾರಿ ಕಿಟಕಿಗಳಿಂದ ನೇರವಾಗಿ ಕಾಣುವುದು ಈ ಕಾರ್ಖಾನೆಯೇ.

ಹೀಗೆ ನಡೆಯುವಾಗ ನಾನು ಬಾಯಿತಪ್ಪಿ ಅಂದೆ, ‘ಅಪ್ಪ, ಹಳೇ ಆಲ್ಟೋನಾಕ್ಕೆ ಕುಡಿಯೋ ನೀರು ಇಲ್ಲಿಂದಲೇ ಹೋಗ್ತಿತ್ತಂತೆ.’

‘ಇಲ್ಲಿಂದ? ಈ ನದಿಯಿಂದ? ಹ್ಯಾಂಬರ್ಗ್ ಮೇಲ್ಗಡೆ ಇದೆಯಲ್ಲ. ಅದರ ಕೊಳಚೆ ಎಲ್ಲಾ ಇಲ್ಲಿಗೇ ಬರಬೇಕು.’

‘ಬರ್ತಿತ್ತು.’

ಮುಗಿಯಿತು. ಆ ದಿನ ನೋಡಬೇಕು ಅಂದುಕೊಂಡಿದ್ದ ರೋಮನ್ ತೋಟ, ಕಾಡು, ಎಲ್ಲ ಹಿಂದಕ್ಕೆ ಹೋಯಿತು. ಪಂಪ್ ಎಲ್ಲಿತ್ತು, ಎಷ್ಟು ಎತ್ತರ, ಫಿಲ್ಟರ್ ಯಾವ ತರಹ, ಎಲ್ಲಾ ಬೇಕು. ನನಗೆ ಗೊತ್ತಿದ್ದಷ್ಟು ಹೇಳಿದೆ. 1859ರಲ್ಲಿ ಶುರುವಾದ ವ್ಯವಸ್ಥೆ. ದಂಡೆಯಿಂದ ಹಬೆ ಯಂತ್ರಗಳು ನದಿ ನೀರನ್ನು ಬೌರ್ಸ್‌ಬೆರ್ಗ್ ಗುಡ್ಡದ ನೆತ್ತಿಗೆ, ಹೆಚ್ಚೂ ಕಡಿಮೆ 90 ಮೀಟರ್ ಮೇಲಕ್ಕೆ ಎತ್ತುತ್ತಿದ್ದವು. ಅಲ್ಲಿ ಮರಳಿನ ಹಾಸುಗಳ ಮೂಲಕ ನೀರು ನಿಧಾನಕ್ಕೆ ಇಳಿಯಬೇಕು. ಸೋಸಿದ ನೀರು ತನ್ನ ಭಾರಕ್ಕೇ ಹರಿದು ಹತ್ತು ಕಿಲೋಮೀಟರ್ ದೂರದ ಆಲ್ಟೋನಾ ಸೇರುತ್ತಿತ್ತು.

ಅಪ್ಪ ಒಂದು ಕೋಲು ಹಿಡಿದು ಒದ್ದೆ ಮರಳಿನ ಮೇಲೆ ಚಿತ್ರ ಬರೆದರು. ಕೆಳಗೆ ಜಲ್ಲಿ, ಮೇಲೆ ದಪ್ಪ ಮರಳು, ಅದರ ಮೇಲೆ ಸಣ್ಣ ಮರಳು, ಮೇಲೆ ನೀರು. ‘ಸೋಸೋದು ಮರಳಲ್ಲ ಕಣಮ್ಮ. ಮರಳಿನ ಮೇಲೆ ಕೆಲವು ದಿನಕ್ಕೆ ಒಂದು ಲೋಳೆ ಪದರ ಕಟ್ಟುತ್ತೆ. ಅದರಲ್ಲಿರೋ ಜೀವಿಗಳು ರೋಗದ ಕ್ರಿಮೀನ ತಿಂದು ಹಾಕ್ತವೆ. ಆ ಪದರ ಕೆರೆದು ತೆಗೆದ್ರೆ ಫಿಲ್ಟರ್ ಹೊಸದಾಗಿ ಕಾಣುತ್ತೆ, ಆದ್ರೆ ಕೆಲಸ ಮಾಡಲ್ಲ. ಹೊಸ ಹುಡುಗ್ರಿಗೆ ಇದನ್ನ ಹೇಳಿ ಹೇಳಿ ಸಾಕಾಗಿತ್ತು.’

1892ರ ಬೇಸಿಗೆಯಲ್ಲಿ ಹ್ಯಾಂಬರ್ಗ್‌ಗೆ ಕಾಲರಾ ಬಂತು. ಹ್ಯಾಂಬರ್ಗ್ ತನ್ನ ನೀರನ್ನು ನಗರದ ಮೇಲ್ಗಡೆ, ಅಂದರೆ ಸ್ವಚ್ಛ ಅಂದುಕೊಂಡ ಕಡೆಯಿಂದಲೇ ತೆಗೆದುಕೊಳ್ಳುತ್ತಿತ್ತು. ಆದರೆ ಸೋಸುತ್ತಿರಲಿಲ್ಲ. ಫಿಲ್ಟರ್ ಕಟ್ಟುವ ಕೆಲಸ ಇನ್ನೂ ಮುಗಿದಿರಲಿಲ್ಲ. ಉಬ್ಬರದ ಜೊತೆ ಬಂದರಿನ ಹೊಲಸು ಮೇಲಕ್ಕೂ ಹೋಗುತ್ತಿತ್ತು. ಕೆಲವೇ ವಾರಗಳಲ್ಲಿ ಸುಮಾರು 8600 ಜನ ಸತ್ತರು. ಪಕ್ಕದಲ್ಲೇ ಅಂಟಿಕೊಂಡಿದ್ದ ಆಲ್ಟೋನಾ, ಹ್ಯಾಂಬರ್ಗ್‌ನ ಕೊಳಚೆ ಸೇರಿದ ನಂತರದ ನೀರನ್ನೇ ಸೋಸಿ ಕುಡಿದರೂ, ಬಹುಮಟ್ಟಿಗೆ ಪಾರಾಯಿತು. ಗಡಿ ಹಾದುಹೋಗುವ ಬೀದಿಗಳಲ್ಲಿ ಒಂದು ಬದಿಯ ಮನೆಗಳಲ್ಲಿ ಹೆಣ, ಇನ್ನೊಂದು ಬದಿಯಲ್ಲಿ ಏನೂ ಇಲ್ಲ. ಗಾಳಿ ಒಂದೇ, ಬೀದಿ ಒಂದೇ, ನಲ್ಲಿ ಬೇರೆ. ರೋಗಾಣು ವಿಜ್ಞಾನಿ ರಾಬರ್ಟ್ ಕೋಖ್ ಬಂದು ನೋಡಿ, ನೀರಿನಿಂದಲೇ ಕಾಲರಾ ಹರಡುತ್ತೆ ಅನ್ನುವುದಕ್ಕೆ ಇದನ್ನೇ ಮುಂದಿಟ್ಟರು. ಹ್ಯಾಂಬರ್ಗ್‌ನ ಫಿಲ್ಟರ್‌ಗಳು ಮರುವರ್ಷ ಕೆಲಸ ಶುರು ಮಾಡಿದವು.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಮೇಲೆ ಹೋಗೋಣ’ ಅಂದರು. ಮಂಡಿ ಅಂದೆ. ‘ಆಗುತ್ತೆ ನಡಿ.’ ಲೆಕ್ಕವನ್ನೂ ಮರೆತು ಹತ್ತಿದರು. ಮೇಲೆ ನೋಡಲು ಸಿಕ್ಕಿದ್ದು ಒಂದು ಬೇಲಿ, ಮರಗಳು, ನೀರಿನ ಸಂಸ್ಥೆಯ ಒಂದು ಬೋರ್ಡು. ಈಗ ಅಲ್ಲಿ ನದಿ ನೀರಿಲ್ಲ, ನೆಲದಾಳದ ನೀರನ್ನು ಎತ್ತಿ ಕೊಡುತ್ತಾರೆ. ನಮ್ಮನ್ನು ಬಿಟ್ಟರೆ ನೋಡಲು ಬಂದವರು ಯಾರೂ ಇರಲಿಲ್ಲ. ಅಪ್ಪ ಬೇಲಿ ಹಿಡಿದು ಹತ್ತು ನಿಮಿಷ ನಿಂತರು. ಫೋಟೋ ತೆಗಿ ಅಂದರು. ಹಿರ್ಷ್‌ಪಾರ್ಕ್‌ನ ಬಿಳಿ ಮನೆ ಮುಂದೆ ಬೇಡ ಅಂದಿದ್ದ ಮನುಷ್ಯ!

ಇಳಿಯುವಾಗ ರೋಮನ್ ತೋಟಕ್ಕೆ ಹೋದೆವು. ಗುಡ್ಡದ ಅಂಚಿನಲ್ಲಿ ಕತ್ತರಿಸಿ ಬೆಳೆಸಿದ ಹಸಿರು ಬೇಲಿ, ಕೊಳ, ಒಂದು ಬಯಲು ರಂಗಮಂದಿರ, ಕೆಳಗೆ ನದಿ. ಬ್ಯಾಂಕರ್ ಮನೆತನ ವಾರ್‌ಬುರ್ಗ್‌ನವರ ಆಸ್ತಿ ಇದು. ಇದಕ್ಕೆ ಈ ರೂಪ ಕೊಟ್ಟವಳು ಎಲ್ಸೆ ಹೋಫಾ. ಹೆಂಗಸರು ತೋಟದ ಮುಖ್ಯಸ್ಥರಾಗುವುದು ಅಪರೂಪವಾಗಿದ್ದ ಕಾಲದಲ್ಲಿ, 1913ರಲ್ಲಿ, ಇಲ್ಲಿಯ ಕೆಲಸಕ್ಕೆ ಸೇರಿದಳು. ವಾರ್‌ಬುರ್ಗ್‌ನವರು ಯಹೂದಿಗಳು, ಆಕೆಯೂ ಯಹೂದಿ. 1798ರಲ್ಲಿ ಶುರುವಾದ ಬ್ಯಾಂಕು ನಾಜಿಗಳ ಕಾಲದಲ್ಲಿ ಅವರ ಕೈ ತಪ್ಪಿತು. ಮಾಕ್ಸ್ ವಾರ್‌ಬುರ್ಗ್ 1938ರಲ್ಲಿ ಅಮೆರಿಕಕ್ಕೆ ಹೋದ. ಹೋಫಾ ಇಂಗ್ಲೆಂಡಿಗೆ.

ಹತ್ತಿರದ ಕ್ಯೋಸ್ಟರ್‌ಬೆರ್ಗ್ ಗುಡ್ಡದ ಮೇಲೆ ವಾರ್‌ಬುರ್ಗ್‌ನವರ ಮನೆಗಳಿದ್ದವು. ಯುದ್ಧ ಮುಗಿದ ಮೇಲೆ, 1946ರಿಂದ 1948ರವರೆಗೆ, ಅವು ಮಕ್ಕಳ ಮನೆಯಾದವು. ಕ್ಯಾಂಪುಗಳಿಂದ ಬದುಕಿ ಬಂದ, ಅಪ್ಪ ಅಮ್ಮ ಇಲ್ಲದ ಯಹೂದಿ ಮಕ್ಕಳು ನೂರಾರು ಜನ ಇಲ್ಲಿ ತಿಂದು, ಮಲಗಿ, ಸ್ವಲ್ಪ ಮೈಗೂಡಿಸಿಕೊಂಡು ಪ್ಯಾಲೆಸ್ಟೈನ್ ಕಡೆಗೆ ಹೊರಟರು. ತೋಟವನ್ನು ಮನೆತನದವರು ಯುದ್ಧದ ನಂತರ ನಗರಕ್ಕೆ ಕೊಟ್ಟರು. ಗೇಟಿಲ್ಲ, ಟಿಕೆಟ್ಟಿಲ್ಲ. ಒಬ್ಬ ಹುಡುಗಿ ಹುಲ್ಲಿನ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು.

ಸಂಜೆ ಹಬ್ಬದ ಬೆಂಕಿ. ಈಸ್ಟರ್ ಹಿಂದಿನ ರಾತ್ರಿ ಬ್ಲಾಂಕೆನೇಜೆಯ ಮರಳಿನ ಮೇಲೆ ದೊಡ್ಡ ದೊಡ್ಡ ಬೆಂಕಿ ಹಾಕುವುದು ಹಳೆಯ ಪದ್ಧತಿ. ಚಳಿಗಾಲವನ್ನು ಓಡಿಸುವುದು ಅನ್ನುತ್ತಾರೆ. ಒಂದಲ್ಲ, ಕೇರಿಗೊಂದು. ಒಂದೊಂದು ಕೇರಿಯ ಹುಡುಗರು ಕೊಂಬೆ, ಹಳೆ ಕ್ರಿಸ್‌ಮಸ್ ಮರ ಎಲ್ಲ ಒಟ್ಟುಮಾಡಿ ರಾಶಿ ಹಾಕುತ್ತಾರೆ. ಯಾರದ್ದು ಎತ್ತರ ಅಂತ ಪೈಪೋಟಿ. ಪಕ್ಕದ ಕೇರಿಯವರು ಬಂದು ಮೊದಲೇ ಹಚ್ಚಿಬಿಡಬಾರದು ಅಂತ ಕಾವಲು ಬೇರೆ. ‘ಕಾಮನ ಹುಣ್ಣಿಮೆಗೆ ಸೌದೆ ಕದೀತಿದ್ವಲ್ಲ, ಅದೇ ಇದು’ ಅಂದರು ಅಪ್ಪ. ಯಾರ ಮನೆಯ ಬಾಗಿಲು ಕದ್ದು ಸಿಕ್ಕಿಬಿದ್ದಿದ್ದು ಅನ್ನುವ ಕತೆಯೂ ಬಂತು. ಆ ಕತೆ ನಾನು ನೂರು ಸಲ ಕೇಳಿದ್ದೇನೆ.

ನೀರಿನ ಮೇಲೆ ಕತ್ತಲು ಬಿದ್ದ ಮೇಲೆ ಹಚ್ಚಿದರು. ಜನ ಅಂದರೆ ಜನ. ಕೋಟು ಹಾಕಿದ ವಕೀಲರೋ ಡಾಕ್ಟರೋ ಇರಬೇಕು, ಬಿಯರ್ ಬಾಟಲಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ನಗರದ ಬೇರೆ ಕಡೆಯಿಂದ ರೈಲಿನಲ್ಲಿ ಬಂದ ಹುಡುಗರ ಹಿಂಡು. ಮುಖಕ್ಕೆ ಶಾಖ, ಬೆನ್ನಿಗೆ ಗಾಳಿ. ಆ ಹೊತ್ತಿಗೇ ಒಂದು ಹಡಗು ಕೆಳಕ್ಕೆ ಹೊರಟಿತ್ತು. ಬೆಂಕಿಗಳ ಎದುರು ಬಂದಾಗ ಉದ್ದಕ್ಕೆ ಒಂದು ಸಲ ಹಾರ್ನ್ ಹಾಕಿತು. ದಂಡೆಯಿಡೀ ಕೂಗು ಹಾಕಿತು, ಅಪ್ಪನೂ.

ಭಾನುವಾರ

ಕೂದಲು, ಸ್ವೆಟರ್, ದಿಂಬು ಎಲ್ಲ ಹೊಗೆ ವಾಸನೆ. ಅಪ್ಪನಿಗೆ ಮಂಡಿ ಹಿಡಿದುಕೊಂಡಿತ್ತು. ಇವತ್ತು ಮೆಟ್ಟಿಲಿಲ್ಲ, ಕೂತು ನೋಡುವುದೇ ಅಂತ ತೀರ್ಮಾನ. ಮೇಕೆ ಬಸ್ಸಿನಲ್ಲಿ ಸ್ಟೇಷನ್‌ಗೆ ಹೋಗಿ, ನದಿಯ ಕೆಳಗಡೆಯ ಊರು ವೇಡೆಲ್ ಕಡೆಯ ರೈಲಿಗೆ ಕಾದೆವು. ಬ್ಲಾಂಕೆನೇಜೆ ಸ್ಟೇಷನ್‌ನಲ್ಲಿ ಹಳಿ ಮುಂದಕ್ಕೆ ಹೋಗುವುದಿಲ್ಲ, ಅಲ್ಲಿಗೇ ಕೊನೆ. ರೈಲು ಯಾವ ಕಡೆಯಿಂದ ಬಂತೋ ಅದೇ ಕಡೆಗೆ ಹೊರಟು, ಆಮೇಲೆ ವೇಡೆಲ್ ಕಡೆಗೆ ಕವಲೊಡೆಯುತ್ತೆ. ಇದನ್ನು ಹೇಳಲು ಮರೆತಿದ್ದೆ. ರೈಲು ಚಲಿಸಿದ್ದೇ ತಡ ಅಪ್ಪ ಎದ್ದು ನಿಂತರು. ‘ವಾಪಸ್ ಹೋಗ್ತಿದೆ! ಇಳಿ, ಇಳಿ!’ ಡಬ್ಬಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಮುದುಕ ಏನೂ ಕೇಳದೆಯೇ ಕೈಯಿಂದ ಹೀಗೆ ಹೋಗಿ ಹೀಗೆ ತಿರುಗುತ್ತೆ ಅಂತ ತೋರಿಸಿದ. ಬಹುಶಃ ವಾರಕ್ಕೊಬ್ಬರಿಗಾದರೂ ತೋರಿಸುತ್ತಿರಬೇಕು.

ವೇಡೆಲ್‌ನ ದಂಡೆಯಲ್ಲಿ ಹಡಗುಗಳಿಗೆ ನಮಸ್ಕಾರ ಹೇಳುವ ಜಾಗವಿದೆ, 1952ರಿಂದ. ದೊಡ್ಡ ಹಡಗು ಬಂದರೆ ಧ್ವಜ ತಗ್ಗಿಸುತ್ತಾರೆ, ಆ ಹಡಗಿನ ದೇಶದ ರಾಷ್ಟ್ರಗೀತೆ ಹಾಕುತ್ತಾರೆ, ಎಲ್ಲಿಂದ ಬಂತು ಎಷ್ಟು ಉದ್ದ ಅಂತ ಮೈಕಿನಲ್ಲಿ ಹೇಳುತ್ತಾರೆ. ಕೇಕ್ ತಿನ್ನುತ್ತಾ ಎರಡು ಗಂಟೆ ಕೂತೆವು. ಮೂರು ಹಡಗು ಬಂದವು. ಭಾರತದ್ದು ಬರಲಿಲ್ಲ. ಬಂದಿದ್ದರೆ ಎದ್ದು ನಿಲ್ಲಲು ಅಪ್ಪ ತಯಾರಾಗೇ ಇದ್ದರು. ಬೌರ್ ಫಿರಂಗಿ ಹಾರಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಿದೆ. ‘ಅವನದ್ದು ಅವನ ಸಾಮಾನು ಬಂತು ಅಂತ. ಇವರದ್ದು ಬಿಟ್ಟಿ’ ಅಂದರು.

ಸಂಜೆ ರೂಮು ಖಾಲಿ ಮಾಡಬೇಕಿತ್ತು. ಯಜಮಾನಿಗೆ ಅಪ್ಪನ ನೋಟ್‌ಬುಕ್ ವಿಷಯ ಮೊದಲ ದಿನವೇ ಗೊತ್ತಾಗಿತ್ತು. ಬೀಗದ ಕೈ ವಾಪಸ್ ಕೊಡುವಾಗ ಕೇಳಿದಳು, ಎಷ್ಟಾಯಿತು?

ಅಪ್ಪ ಪುಟ ತೆಗೆದು, ಕನ್ನಡಕ ಏರಿಸಿಕೊಂಡು, ಕೂಡಿಸಿದರು. ‘2317.’ ಸ್ವಲ್ಪ ಸುಮ್ಮನಿದ್ದು ನನ್ನ ಕಡೆ ತಿರುಗಿದರು. ‘ಇದೆಲ್ಲಾ ಇಳಿದಿದ್ದು ಮಾತ್ರ ಅಂತ ಹೇಳ್ಬೇಡ.’

ಹೇಳಿದೆ. ಆಕೆ ಜೋರಾಗಿ ನಕ್ಕಳು. ನಾನು ಸೂಟ್‌ಕೇಸು ಎತ್ತಿಕೊಂಡೆ. ಅಪ್ಪ ಮೇಲಕ್ಕೆ ಒಂದು ಸಲ ನೋಡಿ, ಕೈಗಂಬಿ ಹಿಡಿದು, ಪೆನ್ನು ಬಾಯಲ್ಲಿ ಕಚ್ಚಿಕೊಂಡು, ಮತ್ತೆ ಒಂದರಿಂದ ಶುರು ಮಾಡಿದರು.